ಫಟಫಟಿಯ ನಡುವೂ ಅಮೀನಗಡದ ಅಂಟೂ

ನಾನು ಹೊರಗಿನಿಂದ ಬಂದು ಕೋಟು ಕಳಚಿ ಕೊಟ್ಟರೆ ನನ್ನ ಹೆಂಡತಿ ಅದನ್ನು ಗೂಟಕ್ಕೆ ಹಾಕುವ ಮುಂಚೆ ಒಮ್ಮೆ ಮೂಗಿನ ಹತ್ತಿರ ಒಯ್ಯುತ್ತಾಳೆ. ಒಂದು ಕ್ಷಣ, ಅಷ್ಟೇ. ಕೇಳಿದರೆ, “ನಾ ಎಲ್ಲಿ ಮೂಸೇನಿ? ಧೂಳ ಝಾಡಿಸಿದೆ,” ಅನ್ನುತ್ತಾಳೆ. ಮೂಗಿನಿಂದ ಧೂಳು ಝಾಡಿಸುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ನಿಮ್ಮ ಮನೆಯಲ್ಲಿ ಇಂಥ ಪರೀಕ್ಷೆ ನಡೆಯುವುದಿಲ್ಲವೆಂದರೆ ನೀವು ಪುಣ್ಯವಂತರು. ಇಲ್ಲವೇ, ನೀವಿನ್ನೂ ಅದನ್ನು ಗಮನಿಸಿಲ್ಲ. ಎರಡನೆಯದೇ ನಿಜವಿರಬೇಕೆಂದು ನನ್ನ ಗುಮಾನಿ.

ಮೂಸುವವರ ಕೈಯಲ್ಲೇ ನಾನು ಬೆಳೆದವನು. ಬಾದಾಮಿಯಲ್ಲಿ ನಮ್ಮ ಅಜ್ಜಿ ಬೆಲ್ಲದ ಗಡಿಗೆಯನ್ನು ನೆಲುವಿನ ಮೇಲೆ ಇಡುತ್ತಿದ್ದಳು. ಬೆಲ್ಲ ಕರಗಿದ ದಿನ ಮೊಮ್ಮಕ್ಕಳನ್ನೆಲ್ಲ ಪಡಸಾಲೆಯಲ್ಲಿ ಸಾಲಾಗಿ ನಿಲ್ಲಿಸಿ, “ಹಾ ಅನ್ರಿ,” ಎಂದು ಒಬ್ಬೊಬ್ಬರ ಬಾಯಿ ಮೂಸುತ್ತ ಬರುತ್ತಿದ್ದಳು. ನಾವು ಮೊದಲೇ ಹುಣಸೆಯ ಚಿಗುರು ಜಗಿದು ಸಿದ್ಧರಾಗಿರುತ್ತಿದ್ದೆವು. ಎಲ್ಲರ ಬಾಯಲ್ಲೂ ಹುಣಸೆಯ ವಾಸನೆ ಬಂದರೆ ಅಜ್ಜಿ ತಡಮಾಡದೆ ಒಬ್ಬನ ಕಿವಿ ಹಿಡಿಯುತ್ತಿದ್ದಳು. ಆ ಕಿವಿ ನನ್ನದೋ ನಮ್ಮ ಅಣ್ಣನದೋ ಎಂಬ ಬಗ್ಗೆ ನಮ್ಮಿಬ್ಬರಲ್ಲಿ ಇಂದಿಗೂ ಒಮ್ಮತವಿಲ್ಲ. ಇಬ್ಬರಿಗೂ ನೋವು ನೆನಪಿದೆ. ಹಿಂಡಿದ್ದು ಒಂದೇ ಕಿವಿ, ನೋವು ಮಾತ್ರ ಎರಡು. ಪುಣೆಯ ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದ ಮೇಲೆ ನನಗೆ ನನ್ನ ನೆನಪಿನ ಮೇಲಿದ್ದ ಅನುಮಾನ ಇನ್ನಷ್ಟು ಬಲಿಯಿತು. ಆದ್ದರಿಂದ ಮುಂದೆ ಹೇಳುವುದನ್ನು ನೀವೂ ಒಮ್ಮೆ ಮೂಸಿಯೇ ಒಳಗೆ ಬಿಟ್ಟುಕೊಳ್ಳಿ.

ಬಿ.ಎ. ಮುಗಿಸಿ ಬಂದ ನನಗೆ ಬಾಗಲಕೋಟೆಯಲ್ಲಿ ಸಾಲಿ ತಪಾಸಣೆಯ ನೌಕರಿ ಸಿಕ್ಕಿತು. ಜನ ‘ದಿಪೋಟಿ ಸಾಹೇಬ’ ಅನ್ನುತ್ತಿದ್ದರು. ಹುನಗುಂದ, ಇಳಕಲ್ಲಿನ ಕಡೆಯ ಹಳ್ಳಿಗಳನ್ನು ಸುತ್ತಿ ಶಾಲೆಗಳನ್ನು ನೋಡುವುದು ಕೆಲಸ. ನೋಡುವುದೆಂದರೆ ಅನುಮಾನಪಡುವುದು. ಒಂದು ಹಳ್ಳಿಯಲ್ಲಿ ಮಕ್ಕಳು ಪಾಠವನ್ನು ನೀರು ಕುಡಿದಂತೆ ಓದಿದರು; ಹತ್ತಿರ ಹೋಗಿ ನೋಡಿದರೆ ಅರ್ಧ ಪುಸ್ತಕಗಳು ತಲೆಕೆಳಗಾಗಿದ್ದವು. ಇನ್ನೊಂದೆಡೆ ಬೆಳಿಗ್ಗೆ ಕಂಡ ಮುಖಗಳೇ ಮಧ್ಯಾಹ್ನ ಪಕ್ಕದ ಊರಿನ ಶಾಲೆಯಲ್ಲೂ ಹಾಜರಾಗಿದ್ದವು. ಒಟ್ಟಿನಲ್ಲಿ ಅನುಮಾನಕ್ಕೆ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು. ನಾನೂ ಪ್ರಾಮಾಣಿಕವಾಗಿ ದುಡಿಯುತ್ತಿದ್ದೆ.

ಆಗ ದೊಡ್ಡ ಯುದ್ಧ ಮುಗಿದಿತ್ತು. ಪುಣೆಯಲ್ಲಿ ದಂಡಿನವರು ಬೇಡವಾದ ಸಾಮಾನುಗಳನ್ನು ಹರಾಜು ಹಾಕುತ್ತಿದ್ದರು. ಒಬ್ಬ ಗೆಳೆಯನ ಮೂಲಕ ನನಗೊಂದು ಮೋಟಾರು ಸೈಕಲ್ಲು ದೊರೆಯಿತು. ಅದರ ಮಗ್ಗುಲಿಗೆ ಒಬ್ಬರು ಕೂರುವಂಥ ತೊಟ್ಟಿಯಿತ್ತು. ನಮ್ಮ ಜನ ವಾಹನಕ್ಕೆ ‘ಫಟಫಟಿ’ ಎಂದೂ ತೊಟ್ಟಿಗೆ ‘ತೊಟ್ಟಲ’ ಎಂದೂ ಹೆಸರಿಟ್ಟರು. ನನ್ನ ಲಗ್ನವಾಗಿ ಇನ್ನೂ ವರ್ಷವಾಗಿರಲಿಲ್ಲ; ಮನೆಯಲ್ಲಿ ನಾನು, ಹೆಂಡತಿ, ನಮ್ಮ ಅವ್ವ, ಮೂವರೇ. “ದಿಪೋಟಿ ಸಾಹೇಬ್ರು ಭಾಳ ಮುಂದಾಲೋಚನಿ ಮಂದಿ. ತೊಟ್ಟಲಾ ಮೊದಲ ತಂದಾರ,” ಎಂದು ಪೇಟೆಯಲ್ಲಿ ಮಾತಾಯಿತು. ಹೆಂಡತಿ ನೀಲವ್ವ ಅದರಲ್ಲಿ ಕಾಲಿಡಲು ಒಪ್ಪದಿರುವುದಕ್ಕೆ ಅಷ್ಟು ಸಾಕಾಯಿತು.

ಫಟಫಟಿಗೆ ಒಂದು ಐಬಿತ್ತು. ಹಿಡಿಕೆಯ ಮೇಲೆ ಎರಡು ಪುಟ್ಟ ಕಡ್ಡಿಗಳು: ಒಂದು ಪೆಟ್ರೋಲಿನದು, ಒಂದು ಗಾಳಿಯದು. ಎರಡನ್ನೂ ಸರಿತೂಗಿಸಿಕೊಂಡು ಹೋಗಬೇಕು. ಎತ್ತಿನ ಬಂಡಿಯಷ್ಟು ನಿಧಾನ ಹೋದರೆ ಗಾಡಿಗೆ ತಕರಾರಿಲ್ಲ. ಪೂರ್ತಿ ಬಿಟ್ಟರೆ ಹುಚ್ಚು ಕುದುರೆಯ ಓಟ. ಆದರೆ ಲಗ್ನವಾದ ಮನುಷ್ಯ ಮರ್ಯಾದೆಯಿಂದ ಹೋಗಬಹುದಾದ ಒಂದು ನಡುವಿನ ವೇಗ ಇರುತ್ತದಲ್ಲ, ಅಲ್ಲಿ ಅದು ಬಿಕ್ಕುತ್ತಿತ್ತು. ಚಿಕ್ಕಂದಿನಲ್ಲಿ ನಾವು ಪಪ್ಪಾಯಿ ಎಲೆಯ ದಂಟಿನಿಂದ ಪೀಪಿ ಮಾಡುತ್ತಿದ್ದೆವು. ದಂಟು ಎಲ್ಲಾದರೂ ಸೀಳಿದ್ದರೆ ಮೆಲ್ಲಗೆ ಊದಿದಾಗ ಗುಂಯ್ ಅನ್ನುತ್ತಿತ್ತು, ಜೋರಾಗಿ ಊದಿದರೆ ಕಿರುಚುತ್ತಿತ್ತು, ನಡುವಿನ ಸ್ವರ ಮಾತ್ರ ಹೊರಡುತ್ತಿರಲಿಲ್ಲ. ಗಾಡಿಯದೂ ಅದೇ ಕತೆ. ಹಾಗೆಂದು ನನಗೆ ಆಗಲೇ ಹೊಳೆದಿತ್ತೋ, ಈಗ ಬರೆಯುವಾಗ ಹೊಳೆಯಿತೋ, ಪ್ರಮಾಣ ಮಾಡಿ ಹೇಳಲಾರೆ.

ಮೊದಲು ಪೆಟ್ರೋಲು ಮಾರುವವನ ಮೇಲೆ ಅನುಮಾನಪಟ್ಟೆ. ಚಿಮಣಿ ಎಣ್ಣೆ ಬೆರೆಸುತ್ತಿರಬೇಕು ಎಂದು. ಆಮೇಲೆ ಹರಾಜಿನ ಗೆಳೆಯನ ಮೇಲೆ. ಕಡೆಗೆ ಮಾಬುಸಾಬನ ಕೈಗೆ ಗಾಡಿ ಹೋಯಿತು. ಅಲ್ಲಿಂದ ಮುಂದೆ ಅನುಮಾನಕ್ಕೆ ಬೇರೆ ಕಡೆ ಅಲೆಯುವ ಅಗತ್ಯ ಬೀಳಲಿಲ್ಲ.

ಮಾಬುಸಾಬ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಫಿಟ್ಟರ್. ಯುದ್ಧದ ಕಾಲದಲ್ಲಿ ದಂಡಿನೊಂದಿಗೆ ಸಮುದ್ರದಾಚೆಯ ಬಸ್ರಾಕ್ಕೆ ಹೋಗಿ ಬಂದವನು. ಅಲ್ಲಿ ಏನು ಮಾಡುತ್ತಿದ್ದ ಎಂಬುದು ಕೇಳಿದ ದಿನಕ್ಕೆ ತಕ್ಕಂತೆ ಬದಲಾಗುತ್ತಿತ್ತು. ಒಮ್ಮೆ ಮೋಟಾರು ರಿಪೇರಿ, ಒಮ್ಮೆ ಜನರಲ್ ಸಾಹೇಬರ ಡ್ರೈವರ್, ಒಮ್ಮೆ ಒಂಟೆಗಳ ಉಸ್ತುವಾರಿ. ಅವನು ನಮ್ಮ ಅಂಗಳಕ್ಕೆ ಬಂದು ಗಾಡಿಯ ಸುತ್ತ ವೈದ್ಯನ ಹಾಗೆ ಒಂದು ಸುತ್ತು ಹಾಕಿದ.

“ನೋಡ್ರಿ ಸಾಹೇಬ್ರ, ಗಾಡಿ ಅಂದ್ರ ಮನಷ್ಯಾ ಇದ್ದಂಗ. ಮೂಗಿಲೆ ಗಾಳಿ ತಗೋತೈತಿ, ಹಿಂದ ಬಿಡತೈತಿ. ತಗೊಳ್ಳೂದು ಬಿಡೂದು ಎರಡೂ ಸರಿ ಇದ್ರ ನಡ ಗಟ್ಟಿ.”

“ಈಗ ತಪ್ಪ ಎಲ್ಲೈತಿ? ಮೂಗಿನಾಗೋ, ಹಿಂದೋ?”

“ಎರಡೂ ಕಡೆ ರೀ. ಅದಕ್ಕ ನಡ ಹಿಡದೈತಿ.”

ನಮ್ಮ ಕಡೆ ಸೊಂಟಕ್ಕೆ ನಡ ಅನ್ನುತ್ತೇವೆ. ಮಾತು ಓಣಿಯಲ್ಲಿ ಹರಡಿ ಸಂಜೆಯೊಳಗೆ ಪಕ್ಕದ ಮನೆಯ ಅಜ್ಜ ನನಗೆ ತಿಕ್ಕಿಕೊಳ್ಳಲು ಒಂದು ಬಟ್ಟಲು ಔಡಲ ಎಣ್ಣೆ ಕಳಿಸಿದರು. ಗಾಡಿಯ ನಡವೆಂದು ಎಷ್ಟು ಹೇಳಿದರೂ ಅವರು ನಂಬಲಿಲ್ಲ.

ಮಾಬುಸಾಬ ಹಿಂದಿನಿಂದ ಶುರುಮಾಡಿದ. ಹೊಗೆಯ ಕೊಳವೆ ಬಿಚ್ಚಿ, ಮಸಿಯನ್ನೆಲ್ಲ ಕೆರೆದು, ಹೊಗೆ ಸರಾಗ ಹೋಗಲೆಂದು ಬಾಲವನ್ನು ಗಿಡ್ಡಗೆ ಕತ್ತರಿಸಿದ. ಆ ದಿನ ಸಂತೆಗೆ ಹೊರಟಿದ್ದ ಎತ್ತುಗಳು ಬಂಡಿಯೊಂದಿಗೆ ಹೊಲಕ್ಕೆ ನುಗ್ಗಿದವು. ಸದ್ದು ಅಂಥದು! ನಡುವಿನ ಬಿಕ್ಕು ಮಾತ್ರ ಹೆಚ್ಚಾಯಿತು. “ಬಿಡೂದು ಭಾಳ ಸಡಲ ಆತ್ರಿ,” ಎಂದು ಅವನೇ ಒಪ್ಪಿ, ಕೊಳವೆಯೊಳಗೆ ತೂತುಗಳಿದ್ದ ಒಂದು ಹಿತ್ತಾಳೆಯ ತಗಡು ಕೂರಿಸಿದ. ಹೊಗೆಗೂ ಸ್ವಲ್ಪ ಲಗಾಮು ಬೇಕೆಂದು ಕಾಣುತ್ತದೆ; ಬಿಕ್ಕು ಅರ್ಧಕ್ಕಿಳಿಯಿತು. ನಂತರ ಮೂಗಿಗೆ ಬಂದ. ಕಾರ್ಬುರೇಟರಿನ ಸೂಜಿಯನ್ನು ಒಂದು ಹಲ್ಲು ಏರಿಸಿದ. ಗಾಡಿ ಚಾಲೂ ಇಟ್ಟು, ಕಾರ್ಬುರೇಟರಿನ ಕೊಳವೆ ಎಂಜಿನ್ನಿಗೆ ಕೂಡುವ ಸಂದಿನ ಮೇಲೆ ಎಣ್ಣೆಯ ಹನಿ ಬಿಟ್ಟ. ಸಂದು ಹನಿಯನ್ನು ಒಳಗೆ ಎಳೆದುಕೊಂಡಿತು. ಎಂಜಿನ್ನಿನ ದನಿ ಬದಲಾಯಿತು.

“ಸಿಕ್ಕ ನೋಡ್ರಿ ಕಳ್ಳ! ಇಲ್ಲಿಂದ ಕದ್ದು ಗಾಳಿ ಕುಡೀತೈತಿ.”

ಸಂದು ಮುಚ್ಚುತ್ತೇನೆಂದ. ನಾನು ಕಚೇರಿಗೆ ಹೋದೆ. ಸಂಜೆ ಬಂದು ಸಿರೂರಿನವರೆಗೆ ಹೋಗಿ ಬಂದರೆ, ಬೆಣ್ಣೆಯೊಳಗಿನ ಕೂದಲು ತೆಗೆದ ಹಾಗೆ ಗಾಡಿ ನಡುವಿನ ವೇಗದಲ್ಲಿ ಸರಿಯುತ್ತಿತ್ತು. ತಗ್ಗಿನಿಂದ ದಿನ್ನೆಗೆ ಏರುವಾಗಲೂ ದನಿ ಒಡೆಯಲಿಲ್ಲ. ಆ ಸಂಜೆಯ ಸುಖವನ್ನು ವರ್ಣಿಸಲು ಹೋದರೆ ನೀವು ನನ್ನನ್ನೇ ಅನುಮಾನಿಸುತ್ತೀರಿ.

“ಏನ ಹಚ್ಚಿದೆ ಮಾಬುಸಾಬ?”

“ಅದು ಬಸ್ರಾದ ಮಸಾಲಿ ರೀ. ಕೇಳಬಾರದು.”

ಅಲ್ಲಿಂದ ನನ್ನ ಸಂಸಾರದ ತೊಂದರೆ ಆರಂಭವಾಯಿತು. ಇಳಕಲ್ಲಿನ ದಾರಿಯಲ್ಲಿ ಗಾಡಿ ಕಮತಗಿಯವರೆಗೆ ರಾಗವಾಗಿ ಹೋಗಿ, ಹೊಳೆ ದಾಟಿ, ಅಮೀನಗಡದ ಬಳಿ ಉಸಿರು ಕಟ್ಟಿ ನಿಲ್ಲುತ್ತಿತ್ತು. ಇಳಕಲ್ಲಿನಿಂದ ತಿರುಗಿ ಬರುವಾಗಲೂ ಹುನಗುಂದ ದಾಟಿ ಅಮೀನಗಡದಲ್ಲೇ ನಿಲ್ಲುತ್ತಿತ್ತು. ಊರು ದಾರಿಯ ಸರಿಯಾಗಿ ನಡುವಿಗಿದೆ ಎಂಬುದು ನನಗೆ ಹೊಳೆಯಲಿಲ್ಲ. ಗಾಡಿಯೊಂದಿಗೆ ಬಂದ ಪುಸ್ತಕದಲ್ಲಿ ಪ್ಲಗ್ಗು ನೋಡಿರೆಂದಿತ್ತು, ಪ್ಲಗ್ಗು ನೋಡುತ್ತಿದ್ದೆ. ತಾಸುಹೊತ್ತು ಆರಿದ ಮೇಲೆ ಕುಂಟುತ್ತ ಮನೆ ಸೇರುತ್ತಿತ್ತು. ಮಾಬುಸಾಬ ಮತ್ತೆ ಮಸಾಲೆ ಬಳಿಯುತ್ತಿದ್ದ.

ಅಮೀನಗಡವೆಂದರೆ ಕರದಂಟಿನ ಊರು. ಬೆಲ್ಲದ ಪಾಕ, ಜಾಲಿಮರದ ಅಂಟನ್ನು ಕರಿದದ್ದು, ತುಪ್ಪ. ಊರಿನ ಗಾಳಿಯೇ ಸಿಹಿ. ನೀಲವ್ವ ಒಂದು ದಿನ ಕೋಟನ್ನು ಮೂಸಿದಳು.

“ಇವತ್ತೂ ಅಮೀನಗಡದಾಗ ಇಳದಿದ್ರೇನು?”

“ಗಾಡಿ ನಿಂತಿತ್ತು.”

“ಪ್ರತಿ ಸಲ ಅಲ್ಲೇ ಹೆಂಗ ನಿಲ್ಲತೈತ್ರಿ? ಕಮತಗ್ಯಾಗ ನಿಂತ್ರ ಅದಕ್ಕೇನ ಶಾಪ ತಟ್ಟತೈತೇನು?”

ಅವಳ ಅನುಮಾನಕ್ಕೆ ಬೇರಿತ್ತು. ನಮ್ಮ ಸಂಬಂಧ ಕೂಡುವ ಮೊದಲು ಅಮೀನಗಡದ ಒಂದು ಮನೆತನದಲ್ಲಿ ನನಗೆ ಹೆಣ್ಣಿನ ಮಾತಾಗಿತ್ತು. ಅವರದು ರಸ್ತೆಯ ಮೇಲೇ ಕರದಂಟಿನ ಅಂಗಡಿ. ಮಾತು ಯಾಕೋ ಮುರಿಯಿತು. ಲಗ್ನವಾದ ಹೊಸತರಲ್ಲಿ ನೀಲವ್ವ ಆ ಹುಡುಗಿ ಹೇಗಿದ್ದಳೆಂದು ಕೇಳಿದಾಗ, “ಮುಖ ನೆನಪಿಲ್ಲ. ಹಸರ ಸೀರಿ ಉಟ್ಟಿದ್ಲು,” ಎಂದಿದ್ದೆ. ಸತ್ಯ ಹೇಳುವವನು ಅಲ್ಲಿಗೇ ನಿಲ್ಲಿಸಬೇಕು, ಮೊದಲ ವಾಕ್ಯಕ್ಕೇ.

“ಮುಖ ನೆನಪಿಲ್ಲ, ಸೀರಿ ಬಣ್ಣ ನೆನಪೈತಿ!” ಎಂದು ಈಗ ಆ ಮಾತನ್ನು ಪೆಟ್ಟಿಗೆಯಿಂದ ತೆಗೆದಳು. “ಗಾಡಿ ನಿಲ್ಲತೈತಿ ಖರೆ. ಆದ್ರ ಅದು ಪ್ಯಾಟ್ಯಾಗ, ಆ ಅಂಗಡಿ ಹತ್ರನ ನಿಲ್ಲತೈತಿ. ಅಂಗಿ-ಅರಿವಿಗೆಲ್ಲಾ ಕರದಂಟಿನ ವಾಸನಿ. ಮನಿಗೆ ಮಾತ್ರ ಒಂದು ತುಣುಕು ಬರಂಗಿಲ್ಲ!”

ನಾನು ಅಂಗಡಿಗೆ ಹೋಗುತ್ತಲೇ ಇರಲಿಲ್ಲ. ಹೋದರೆ ಅನುಮಾನ ಬಂದೀತೆಂದು. ಹೋಗದಿದ್ದುದೇ ಸಾಕ್ಷಿಯಾಗಿ ನಿಂತಿತು.

ಪಂಚಮಿಗೆಂದು ಇಳಕಲ್ಲಿನ ತವರಿಗೆ ಹೋದ ನೀಲವ್ವ ಪಂಚಮಿ ಮುಗಿದರೂ ಬರಲಿಲ್ಲ. ಗಣಪತಿ ಬಂದು ಹೋದ. ದಸರೆಯ ಬನ್ನಿಯೂ ಮುಗಿಯಿತು. ‘ಖರೇ ಕಾರಣ ತಿಳಿದ ಮ್ಯಾಲೆ ಬರ್ತೇನಿ’ ಎಂದು ಹೇಳಿ ಕಳಿಸಿದಳು. ಅಷ್ಟರಲ್ಲಿ ಓಣಿಯವರಿಗೂ ಅನುಮಾನ ಹತ್ತಿತ್ತು. ಔಡಲ ಎಣ್ಣೆಯ ಅಜ್ಜ ಮಾತ್ರ ಎಲ್ಲಕ್ಕೂ ನನ್ನ ನಡವೇ ಕಾರಣವೆಂದು ನಂಬಿದ್ದರು. ಮನೆಗೆ ಬಂದರೆ ಕೋಟನ್ನು ನಾನೇ ಗೂಟಕ್ಕೆ ಹಾಕಿಕೊಳ್ಳಬೇಕು. ಆ ಗೂಟ ಅಷ್ಟು ಎತ್ತರದಲ್ಲಿದೆಯೆಂದು ಆವರೆಗೆ ನನಗೆ ತಿಳಿದಿರಲಿಲ್ಲ.

ಕಡೆಗೆ ಬನ್ನಿ ಎಲೆ ಕಟ್ಟಿಕೊಂಡು ಇಳಕಲ್ಲಿಗೆ ಹೋದೆ. ಮಾವನವರು ಸೀರೆಯ ವ್ಯಾಪಾರಿ; ಎದುರಿಗಿದ್ದವರನ್ನು ಬಟ್ಟೆಯ ಹಾಗೆ ಬೆರಳಲ್ಲಿ ಉಜ್ಜಿ ನೋಡುವ ಕಣ್ಣು.

“ಬರ್ರಿ ಅಳಿಯಂದ್ರ. ನಿಮ್ಮ ಗಾಡಿ ಭಾಳ ಶಾಣ್ಯಾ ಐತಂತ. ಊರ ನೋಡಿ ನಿಲ್ಲತೈತಂತ?”

“ಯಂತ್ರಕ್ಕ ಊರ ಹೆಂಗ ಗೊತ್ತಾಗತೈತ್ರಿ ಮಾವಾರ?”

“ಎತ್ತಿಗೂ ಗೊತ್ತಿರಂಗಿಲ್ಲ. ಮಾಲಕ ಕಲಿಸಿದ ಮ್ಯಾಲ ಅದು ಶೆರೆ ಕುಡಿಯೂ ಅಂಗಡಿ ಮುಂದ ತಾನ ನಿಲ್ಲತೈತಿ.”

ಬಾಗಿಲ ಮರೆಯಲ್ಲಿದ್ದ ನೀಲವ್ವ ಹೊರಗೆ ಬಂದಳು. “ನಾ ತೊಟ್ಟಲದಾಗ ಕುಂತು ಬರ್ತೇನಿ. ಅದು ಯಾಕ ನಿಲ್ಲತೈತಿ ನನ್ನ ಕಣ್ಣಿಲೆ ನೋಡ್ತೇನಿ. ಕಾರಣ ಗಾಡ್ಯಾಗ ಇದ್ರ ಬಾಗಲಕೋಟಿಗೆ ಬರ್ತೇನಿ. ಇಲ್ಲಂದ್ರ ಅಪ್ಪಾನ ಚಕ್ಕಡಿ ಹತ್ತಿ ತಿರುಗಿ ಹೋಗ್ತೇನಿ.”

ಮಾವನವರು ಮರುದಿನ ನಸುಕಿನಲ್ಲೇ ಚಕ್ಕಡಿಯನ್ನು ಅಮೀನಗಡಕ್ಕೆ ಕಳಿಸಿಬಿಟ್ಟರು. ಅಳಿಯನ ಮೇಲಿನ ನಂಬಿಕೆ ಅಷ್ಟು.

ದಾರಿಯುದ್ದಕ್ಕೂ ನನ್ನ ತರ್ಕಶಾಸ್ತ್ರ ನನ್ನನ್ನೇ ತಿನ್ನುತ್ತಿತ್ತು. ಗಾಡಿ ಅಮೀನಗಡದಲ್ಲಿ ನಿಂತರೆ ಅವಳ ಅನುಮಾನವೇ ಗೆದ್ದಿತು. ನಿಲ್ಲದಿದ್ದರೆ ಇನ್ನೂ ಕೆಟ್ಟದ್ದು: ‘ನಾ ಕುಂತ ದಿನ ಹೆಂಗ ದಾಟಿತು?’ ಅಂದಾಳು. ಪೂರ್ತಿ ಬಿಟ್ಟು ಊರನ್ನೇ ಹಾರಿಸಿಕೊಂಡು ಹೋಗಬಹುದಿತ್ತು. ಬಿಕ್ಕು ಇದ್ದದ್ದು ನಡುವಿನಲ್ಲಿ ತಾನೆ? ಆದರೆ ಹಾಗೆ ಓಡಿಹೋಗುವವನನ್ನು ಯಾರು ನಂಬುತ್ತಾರೆ? ಮರ್ಯಾದೆಯ ವೇಗದಲ್ಲೇ ಹೋದೆ. ತೊಟ್ಟಲದಲ್ಲಿ ನೀಲವ್ವ ಸೆರಗು ಬಿಗಿದು, ಎರಡೂ ಕೈಯಲ್ಲಿ ಅಂಚು ಹಿಡಿದು, ರಸ್ತೆಯನ್ನಲ್ಲ, ನನ್ನ ಕೈಯ ಕಡ್ಡಿಗಳನ್ನೇ ನೋಡುತ್ತಿದ್ದಳು.

ಅಮೀನಗಡದ ಪೇಟೆಯಲ್ಲಿ, ಬೇಕಾದಷ್ಟು ಜಾಗವಿದ್ದರೂ, ಅದೇ ಅಂಗಡಿಯ ಎದುರಿಗೆ ಗಾಡಿ ಬಿಕ್ಕಿತು, ಕೆಮ್ಮಿತು, ನಿಂತಿತು. ಬೇವಿನ ಮರದಡಿ ಮಾವನವರ ಚಕ್ಕಡಿ ಕಾಯುತ್ತಿತ್ತು. ಹೊಡೆಯುವವನು ಎದ್ದು ನಿಂತು, “ಹತ್ತತೀರೇನ್ರಿ ನೀಲವ್ವಾರ?” ಎಂದ.

“ತಡಿ,” ಎಂದು ನೀಲವ್ವ ಇಳಿದಳು. ಗಾಳಿಯನ್ನು ಮೂಸಿದಳು. ಅಂಗಡಿಯ ಕಡೆ ಎರಡು ಹೆಜ್ಜೆ ಹೋಗಿ ಮೂಸಿದಳು. ತಿರುಗಿ ಬಂದು ಮೂಸಿದಳು. ಇಡೀ ಊರೇ ಕರದಂಟು ನಾರುವಾಗ ನನಗೆಂದೂ ಗೊತ್ತಾಗದಿದ್ದದ್ದು ಅವಳ ಮೂಗಿಗೆ ಗೊತ್ತಾಯಿತು: ವಾಸನೆ ಅಂಗಡಿಯ ಕಡೆಗಿಂತ ಗಾಡಿಯ ಕಡೆ ಹೆಚ್ಚಾಗಿತ್ತು. ಬಗ್ಗಿ ಪೆಟ್ರೋಲಿನ ಟಾಕಿಯ ಕೆಳಗೆ ನೋಡಿದಳು. ಕೊಳವೆ ಎಂಜಿನ್ನಿಗೆ ಕೂಡುವ ಸಂದಿನಲ್ಲಿ ಕಂದು ಬಣ್ಣದ, ಅರಳಿನಂತೆ ಉಬ್ಬಿದ ಏನೋ ಹೊರಗೆ ಬಂದಿತ್ತು. ತಲೆಯ ಪಿನ್ನಿನಿಂದ ಅದನ್ನು ಕೆದರಿ ಮೂಗಿಗೆ ಹಿಡಿದಳು.

“ಇದು ಅಂಟ್ರೀ! ಅಂಟು ಅರಳೇತಿ!”

ಬಿಸಿ ತುಪ್ಪಕ್ಕೆ ಬಿದ್ದ ಅಂಟು ಹೇಗೆ ಅರಳಿ ಹಗುರಾಗುತ್ತದೆಂಬುದು ಬಾಣಂತಿಗೆ ಉಂಡೆ ಕಟ್ಟಿದ ಎಲ್ಲ ಮನೆಗಳಿಗೂ ಗೊತ್ತು. ಎಂಜಿನ್ನು ಅರ್ಧ ದಾರಿ ಕಾದ ಮೇಲೆ ಮಸಾಲೆ ಅರಳುತ್ತಿತ್ತು, ಸಂದು ಬಾಯ್ಬಿಡುತ್ತಿತ್ತು, ಗಾಡಿ ಕದ್ದು ಗಾಳಿ ಕುಡಿಯುತ್ತಿತ್ತು. ನಾನು ಇಷ್ಟು ದಿನ ಕಾಲ ನಡುವೆ ಕರದಂಟು ಕಾಯಿಸಿಕೊಂಡು ಓಡಾಡಿದ್ದೆ.

ಗುಂಪು ಕೂಡಿತು. ಅಂಗಡಿಯ ಯಜಮಾನರು ಕೈ ಒರೆಸಿಕೊಳ್ಳುತ್ತ ಬಂದು ಚೂರೊಂದನ್ನು ಬೆರಳಲ್ಲಿ ಮುರಿದು ಪರೀಕ್ಷಿಸಿದರು. “ಪಾಕ ಹೊತ್ತೈತಿ. ಬೆಲ್ಲಾ ಛಲೋದೈತಿ. ತುಪ್ಪಾ ಹಾಕಿಲ್ಲೇನ್ರಿ?”

ಎಲ್ಲರೂ ನಕ್ಕರು. ನೀಲವ್ವ ನಗಲಿಲ್ಲ. ಅವಳ ಲೆಕ್ಕ ಇನ್ನೂ ಮುಗಿದಿರಲಿಲ್ಲ. “ನಿಮ್ಮ ಮಗಳು ಎಲ್ಲಿ ಅದಾಳ್ರೀ ಯಜಮಾನ್ರ?” ಎಂದು ನೇರವಾಗಿ ಕೇಳಿದಳು.

“ಅಕಿನ್ನ ಗುಳೇದಗುಡ್ಡಕ್ಕ ಕೊಟ್ಟೇವಲ್ಲ ತಂಗಿ, ನಿನ್ನ ಲಗ್ನಕಿಂತ ಮೊದಲ. ಈ ದಿಪೋಟಿ ಸಾಹೇಬ್ರು ನೋಡಾಕ ಬರ್ತೇವಂತ ಹೇಳಿ ಕಳಿಸಿದ್ರು. ಅವಲಕ್ಕಿ ಹಚ್ಚಿ ಕಾಯ್ದ್ವಿ. ಬರಲೇ ಇಲ್ಲ ಮಾರಾಯ್ರು!”

ನನಗಾದರೋ ಆ ಮನೆಯ ಜಮಖಾನೆಯ ಮೇಲೆ ಕೂತದ್ದು, ಅವಲಕ್ಕಿ ತಿಂದದ್ದು, ಹಸಿರು ಸೀರೆ ಬಾಗಿ ನೀರಿನ ತಂಬಿಗೆ ಇಟ್ಟದ್ದು, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಯಜಮಾನರು ಅವಲಕ್ಕಿಯನ್ನೂ ಮರಳಿ ಕಸಿದುಕೊಂಡರು.

ಚಪ್ಪಲಿ ಹೊಲಿಯುವವರಿಂದ ಎಣ್ಣೆಯಲ್ಲಿ ನೆನೆದ ತೊಗಲಿನ ತುಂಡು ತಂದು ಸಂದಿಗೆ ಬಿಗಿದೆ. ಚಕ್ಕಡಿ, ಒಂದು ಪೊಟ್ಟಣ ಕರದಂಟಿನೊಂದಿಗೆ, ಖಾಲಿಯಾಗಿ ಇಳಕಲ್ಲಿಗೆ ಹೊರಟಿತು. ಹೊಳೆಯ ದಂಡೆಯಲ್ಲಿ ಗಾಡಿಯನ್ನು ಆರಲು ಬಿಟ್ಟು ಕೂತಾಗ ನೀಲವ್ವ ಬಾಯಿಬಿಟ್ಟಳು.

“ಆ ಸೀರಿ ಎಂಥಾ ಹಸರು?”

“ಗಿಳಿ ಹಸರು. ಸೆರಗಿನ ತುದ್ಯಾಗ ಕಿಡಿ ಬಿದ್ದು ಸಣ್ಣ ತೂತಾಗಿತ್ತು.”

“ಆ ಸೀರಿ, ಆ ತೂತು ನಂದು,” ಎಂದಳು. “ನೀವು ನನ್ನ ನೋಡಾಕ ಬಂದ ದಿನ ದೀಪಾ ಹಚ್ಚೂಮುಂದ ಬಿದ್ದದ್ದು. ನಮ್ಮವ್ವ ಬೈತಾಳಂತ ಯಾರಿಗೂ ಹೇಳಿರಲಿಲ್ಲ.” ಆಮೇಲೆ, “ನನ್ನ ಮುಖ ನೆನಪಿರಲಿಲ್ಲೇನು ಹಂಗಾರ?” ಎಂದು ಕೇಳಿದಳು. ನಾನು ಪ್ಲಗ್ಗು ಆರಿದೆಯೋ ಎಂದು ನೋಡಲು ಎದ್ದೆ.

ಆ ತೂತನ್ನು ನಾನು ಅಂದೇ ಕಂಡು ನೆನಪಿಟ್ಟಿದ್ದೆನೋ, ಲಗ್ನವಾದ ಮೇಲೆ ಮನೆಯ ಹಗ್ಗದ ಮೇಲೆ ಒಣಗುತ್ತಿದ್ದ ಸೀರೆಯಲ್ಲಿ ಕಂಡು ಹಳೆಯ ನೆನಪಿಗೆ ತೇಪೆ ಹಾಕಿದ್ದೆನೋ, ನನಗೆ ಇಂದಿಗೂ ಖಾತ್ರಿಯಿಲ್ಲ. ಈ ಅನುಮಾನವನ್ನು ಮಾತ್ರ ನಾನು ಅವಳಿಗೆ ಹೇಳಿಲ್ಲ.

ಬಾಗಲಕೋಟೆಗೆ ಬಂದು ಮಾಬುಸಾಬನನ್ನು ಕರೆಸಿದೆ. ಅವನು ಎಳ್ಳಷ್ಟೂ ಅಳುಕಲಿಲ್ಲ.

“ನಾ ನಿಮ್ಮ ಮನ್ಯಾಗ ಅರಗು ಕೇಳಿದ್ನಿರಿ. ಒಳಗಿಂದ ಅಂಟು ಬಂತು. ಅದಕ್ಕ ಬೆಲ್ಲಾ ಸುಣ್ಣಾ ಕೂಡಿಸಿದ್ನಿ. ನಮ್ಮ ಹಿರ್ಯಾರು ಗೋಳಗುಮ್ಮಟ ಕಟ್ಟಿದ್ದು ಇಂಥಾದ್ರಾಗ ರೀ! ಅದೇನ ಬಿದ್ದೈತೇನು?”

“ಗೋಳಗುಮ್ಮಟದ ಒಳಗ ಬೆಂಕಿ ಉರೀತಿರಲಿಲ್ಲಲೋ ಮಾರಾಯಾ! ಅಂಟು ಕೊಟ್ಟೋರು ಯಾರು?”

ಮಾಬುಸಾಬ ಮೊದಲ ಬಾರಿಗೆ ತಡವರಿಸಿದ. ಬಾಗಿಲ ಸಂದಿಯಿಂದ ಬಳೆಯ ಕೈಯೊಂದು ಬಟ್ಟಲು ಚಾಚಿತ್ತಂತೆ, ಮುಖ ನೋಡಿಲ್ಲವಂತೆ. ಬಳೆ ಯಾವ ಬಣ್ಣವೆಂದು ನಾನು ಕೇಳಲಿಲ್ಲ. ನೀಲವ್ವ, “ಅತ್ತಿಯವರು ಕೊಟ್ಟಾರ,” ಎಂದಳು. ನಮ್ಮ ಅವ್ವ, “ಅಂಟಿನ ಡಬ್ಬಿ ಸೊಸಿ ಕೈಯಾಗ ಇರತೈತಿ, ನನಗೇನ ಗೊತ್ತು?” ಎಂದಳು. ಅವ್ವ ಈಗಿಲ್ಲ. ನೀಲವ್ವ ತಾನು ಕೊಟ್ಟ ಅಂಟಿನ ವಾಸನೆಗೇ ತವರಿಗೆ ಹೋಗಿ ಕೂತಿದ್ದಳೆಂದು ನನ್ನ ಗುಮಾನಿ. ಸಾಕ್ಷಿಯಿಲ್ಲ.

ಕೆಲವು ದಿನಗಳಲ್ಲಿ ಮುಂಬಯಿಯಿಂದ ಸಂದಿಗೆ ತಕ್ಕ ತಾಮ್ರದ ಉಂಗುರ ಬಂತು. ಮಾಬುಸಾಬ ಅದನ್ನು, ಬಸ್ರಾದಲ್ಲಿ ಇಂಥವನ್ನು ರಾಶಿರಾಶಿ ಹಾಕಿದವನಂತೆ, ಬಿಗಿದುಕೊಟ್ಟ. ಗಾಡಿಯ ನಡ ಗಟ್ಟಿಯಾಯಿತು. ಇಳಕಲ್ಲಿಗೆ ಹೋಗಿ ತಿರುಗಿ ಬಂದೆ. ನಡುವಿನ ವೇಗದಲ್ಲಿ, ಒಂದು ಬಿಕ್ಕಿಲ್ಲದೆ, ಅಮೀನಗಡದಲ್ಲಿ ಕಾಲು ನೆಲಕ್ಕೆ ತಾಗಿಸದೆ. ಗೆದ್ದವನ ಹಾಗೆ ಮನೆಗೆ ಬಂದು ಕೋಟು ಕಳಚಿ ಕೊಟ್ಟೆ.

ನೀಲವ್ವ ಅದನ್ನು ಮೂಸಿದಳು. ಇನ್ನೊಮ್ಮೆ ಮೂಸಿದಳು. ತೋಳು, ಕಿಸೆ, ಕೊರಳಪಟ್ಟಿ ಒಂದನ್ನೂ ಬಿಡಲಿಲ್ಲ. ಆಮೇಲೆ ನನ್ನ ಮುಖ ನೋಡಿದಳು.

“ಇವತ್ತ ವಾಸನೀನ ಇಲ್ಲಲ್ರಿ. ಯಾವ ದಾರೀಲೆ ಬಂದ್ರಿ?”